ಹದಿನೈದು ನಿಮಿಷದ ಸೆಮಿನಾರ್: ಓದಿನಿಂದ ಕರಿಹಲಗೆಯವರೆಗೆ

ಸೆಮಿನಾರ್ ದಿನ ಗೊತ್ತಾದ ಕೂಡಲೇ ಹೆಚ್ಚಿನ ವಿದ್ಯಾರ್ಥಿಗಳು ಸ್ಲೈಡ್ ಮಾಡಲು ಕೂರುತ್ತಾರೆ. ಎಡವುವುದು ಅಲ್ಲೇ. ವಿಷಯ ತಲೆಗೆ ಇಳಿಯುವ ಮೊದಲೇ ಪರದೆ ತುಂಬಿದರೆ, ಆ ದಿನ ನೀವು ಪರದೆ ಓದುತ್ತೀರಿ, ಕೇಳುವವರು ಮೊಬೈಲ್ ನೋಡುತ್ತಾರೆ. ಕೈಯಲ್ಲಿ ಹತ್ತು ದಿನ ಇದ್ದರೆ ಮೊದಲ ಐದು ದಿನ ಓದಿಗೆ, ಮೂರು ದಿನ ಮಾತಿಗೆ, ಉಳಿದ ಎರಡು ದಿನ ಸ್ಲೈಡಿಗೆ ಮತ್ತು ಹಲಗೆಗೆ ಇಟ್ಟುಕೊಳ್ಳಿ.

ಓದುವ ಕ್ರಮ ಹೀಗಿರಲಿ. ಇಪ್ಪತ್ತು ನಿಮಿಷ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬಿಳಿ ಹಾಳೆಯಲ್ಲಿ ಬರೆಯಿರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮರುದಿನ, ಮೂರನೇ ದಿನ, ಏಳನೇ ದಿನ ಇದನ್ನೇ ಮತ್ತೆ ಮಾಡಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ ಐದು ನಿಮಿಷಕ್ಕೆ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ‘ಎಲ್ಲ ಬರುತ್ತೆ’ ಅನ್ನಿಸಿ, ಹಾಲ್‌ನಲ್ಲಿ ಕೈ ನಿಂತುಬಿಡುವುದು ಇದಕ್ಕೇ. ಮತ್ತೆ ಓದಿದಾಗ ಪುಟ ಪರಿಚಿತ ಅನ್ನಿಸುತ್ತದೆ, ಅದನ್ನೇ ನಾವು ಕಲಿಕೆ ಎಂದುಕೊಳ್ಳುತ್ತೇವೆ.

ಓದು ಮುಗಿದ ಮೇಲೆ ಇಡೀ ಸೆಮಿನಾರನ್ನು ಒಂದು ವಾಕ್ಯಕ್ಕೆ ಇಳಿಸಿ. ‘ಕಾಫಿ ಕೃಷಿ’ ಎಂಬುದು ವಿಷಯವಾಗುವುದಿಲ್ಲ, ಅದು ಪುಸ್ತಕದ ಹೆಸರಷ್ಟೇ. ‘ರೊಬಸ್ಟಾ ಕಾಫಿಯ ಮೊಗ್ಗಿಗೆ ಒಣಹವೆಯೂ ಬೇಕು, ಅದರ ಬೆನ್ನಿಗೆ ಅದನ್ನು ಅರಳಿಸುವ ಹೂಮಳೆಯೂ ಬೇಕು, ಈ ಲೆಕ್ಕ ತಪ್ಪಿದರೆ ಫಸಲು ತಪ್ಪುತ್ತದೆ’ ಎಂಬುದು ವಿಷಯ. ಈ ವಾಕ್ಯಕ್ಕೆ ಬೇಡದ್ದನ್ನು, ಎಷ್ಟೇ ಕಷ್ಟಪಟ್ಟು ಓದಿದ್ದರೂ, ಬಿಟ್ಟುಬಿಡಿ. ಬಿಡಲು ಮನಸ್ಸು ಬಾರದೆ ಕೆಟ್ಟ ಸೆಮಿನಾರುಗಳೇ ಹೆಚ್ಚು.

ಸಮಯವನ್ನು ಹಂಚಿಕೊಳ್ಳಿ: ಆರಂಭಕ್ಕೆ ಒಂದು ನಿಮಿಷ, ಮೂರು ಅಂಶಗಳಿಗೆ ಹತ್ತು, ಮುಕ್ತಾಯಕ್ಕೆ ಒಂದು, ಪ್ರಶ್ನೆಗಳಿಗೆ ಮೂರು. ನಾಲ್ಕನೆಯ ಅಂಶ ಸೇರಿಸಿದರೆ ಪ್ರಶ್ನೆಯ ಸಮಯ ಹೋಗುತ್ತದೆ, ಅಂಕವೂ ಅಲ್ಲೇ ಹೋಗುತ್ತದೆ. ಆರಂಭದ ನಿಮಿಷವನ್ನು ‘ನನಗೆ ಅಷ್ಟು ಗೊತ್ತಿಲ್ಲ, ತಪ್ಪಿದ್ದರೆ ಕ್ಷಮಿಸಿ’ ಎಂದು ಕಳೆಯಬೇಡಿ. ಎದುರಿಗಿರುವವರಿಗೆ ಗೊತ್ತಿರುವ ಒಂದು ವಸ್ತುವಿನಿಂದಲೇ ಶುರು ಮಾಡಿ.

ಕೊಡಗಿನ ತರಗತಿಯಲ್ಲಿ ಅಂಥ ವಸ್ತುವಿಗೆ ಬರವಿಲ್ಲ. ಇಲ್ಲಿನ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿ.ಮೀ. ‘ನಿನ್ನೆ ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?’ ಎಂದು ಕೇಳಿ. ಆಮೇಲೆ ಹಲಗೆಯ ಮೇಲೆ ಲೆಕ್ಕ ಬಿಡಿಸಿ: ಒಂದು ಎಕರೆ ಸುಮಾರು 4,047 ಚದರ ಮೀಟರ್, ಅದರ ಮೇಲೆ ಒಂದು ಇಂಚು ಮಳೆಯೆಂದರೆ ಸುಮಾರು 1,02,800 ಲೀಟರ್ ನೀರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಹತ್ತು ಸಲ ಬಂದಂತೆ! ಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ಗೆ ಏಕೆ ಅಷ್ಟು ನೀರು, ಅಷ್ಟು ಡೀಸೆಲ್ ಬೇಕು ಎಂಬುದು ತರಗತಿಗೆ ತಾನಾಗಿ ಹೊಳೆಯುತ್ತದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಮೊಗ್ಗು ಅರಳುವುದು, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕಿರುವುದು, ಎರಡು ಮೂರು ವಾರದ ನಂತರದ ಎರಡನೇ ಮಳೆಯಿಂದ, ಅಂದರೆ ಬ್ಯಾಕಿಂಗ್ ಮಳೆಯಿಂದ, ಕಾಯಿ ಕಚ್ಚುವುದು: ಈ ಮೂರೂ ಅಂಶಗಳು ಅದೇ ಲೆಕ್ಕದ ಬೆನ್ನಿಗೆ ಸಲೀಸಾಗಿ ಬರುತ್ತವೆ.

ಭಾಷೆಯ ತೊಡಕು ಇಲ್ಲಿ ನಿಜವಾದದ್ದು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು ಅಥವಾ ಮಲಯಾಳ, ಪಠ್ಯ ಇಂಗ್ಲಿಷ್, ತರಗತಿಯಲ್ಲಿ ಕನ್ನಡ. ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿದವರಿಗೆ ಒಂದು ಪದ ಮರೆತರೆ ಇಡೀ ಸರಪಳಿ ಕಳಚುತ್ತದೆ. ಅದಕ್ಕೆ ಮೊದಲು ಮನೆಮಾತಿನಲ್ಲಿ ಅಜ್ಜಿಗೋ ತಮ್ಮನಿಗೋ ವಿವರಿಸಿ. ಅವರು ‘ಹಾಗಂದರೇನು?’ ಎಂದು ಎಲ್ಲಿ ತಡೆದರೋ ಅಲ್ಲಿ ನಿಮಗೇ ಅರ್ಥವಾಗಿಲ್ಲವೆಂದು ತಿಳಿಯಿರಿ. ಅದನ್ನು ಸರಿಪಡಿಸಿಕೊಂಡ ಮೇಲೆ ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಕಲಿತರೆ ಸಾಕು.

ಅಭ್ಯಾಸ ಕಡಿಮೆಯೆಂದರೆ ಮೂರು ಸಲ, ನಿಂತುಕೊಂಡೇ. ಮೊದಲು ಒಬ್ಬರೇ, ಗಡಿಯಾರ ಇಟ್ಟು. ಎರಡನೆಯದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ‘ಅಂದ್ರೆ’, ‘ಸೋ’ ಎಷ್ಟು ಸಲ ಬಂತು, ವಾಕ್ಯದ ಕೊನೆ ಎಲ್ಲಿ ನುಂಗಿಹೋಯಿತು ಎಂದು ಗುರುತು ಹಾಕಿ. ಕ್ರಿಯಾಪದ ಕೊನೆಗೆ ಬರುವ ಕನ್ನಡದಲ್ಲಿ ಕೊನೆ ನುಂಗಿದರೆ ‘ಆಗುತ್ತದೆ’, ‘ಆಗುವುದಿಲ್ಲ’ ಎರಡೂ ಒಂದೇ ಆಗಿಬಿಡುತ್ತವೆ. ಮೂರನೆಯದು ಬೇರೆ ವಿಷಯ ಓದುವ ಗೆಳೆಯರ ಮುಂದೆ.

ಜುಲೈ, ಆಗಸ್ಟಿನಲ್ಲಿ ಸೆಮಿನಾರ್ ಬಿದ್ದರೆ ಕರೆಂಟ್ ಇರುವುದಿಲ್ಲ ಎಂದೇ ತಯಾರಾಗಿ. ಶೀಟಿನ ಮೇಲೆ ಮಳೆ ಬೀಳುವಾಗ ಕೂಗಬೇಡಿ, ಗಂಟಲು ಐದು ನಿಮಿಷಕ್ಕೆ ಕಟ್ಟುತ್ತದೆ. ವಾಕ್ಯ ಚಿಕ್ಕದು ಮಾಡಿ, ಮೊದಲ ಸಾಲಿಗೆ ಹತ್ತಿರ ಬಂದು, ಮುಖ್ಯ ಪದವನ್ನು ಬರೆದು ತೋರಿಸಿ. ಹಲಗೆಯನ್ನು ಮೂರು ಭಾಗ ಮಾಡಿಕೊಳ್ಳಿ: ಎಡಕ್ಕೆ ಕೊನೆಯವರೆಗೂ ಅಳಿಸದ ಮುಖ್ಯ ಅಂಶಗಳು, ನಡುವೆ ಚಿತ್ರ, ಬಲಕ್ಕೆ ಅಳಿಸಬಹುದಾದ ಲೆಕ್ಕ. ಅಕ್ಷರ ಕೊನೆಯ ಬೆಂಚಿಗೆ ಕಾಣುತ್ತದೆಯೇ ಎಂದು ಹಿಂದಿನ ದಿನವೇ ಅಲ್ಲಿ ಕುಳಿತು ನೋಡಿ. ಬರೆಯುವಾಗ ಮಾತು ನಿಲ್ಲಿಸಿ. ಹಲಗೆಗೆ ಹೇಳಿದ ಮಾತು ಯಾರಿಗೂ ಕೇಳಿಸದು.

ಪ್ರಶ್ನೆ ಕೇಳುವುದೂ ಒಂದು ಕಲೆ. ‘ಅರ್ಥವಾಯಿತಾ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಬದಲಿಗೆ ‘ಹೂ ಅರಳಿದ ದಿನವೇ ಜೋರು ಮಳೆ ಬಂದರೆ ಏನಾಗಬಹುದು?’ ಎಂದು ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆ ಮೌನ ನಿಮಗೆ ಉದ್ದ ಅನ್ನಿಸುತ್ತದೆ, ಯೋಚಿಸುವವರಿಗೆ ಅಲ್ಲ. ಉತ್ತರ ಅರ್ಧ ಸರಿಯಿದ್ದರೆ ಸರಿಯಿರುವ ಅರ್ಧವನ್ನು ಅವರ ಮಾತಿನಲ್ಲೇ ಹಲಗೆಗೆ ಬರೆದು, ಉಳಿದದ್ದನ್ನು ಪಕ್ಕದವರಿಗೆ ಕೇಳಿ.