ಪರದೆ ಮೇಲಿನ ನಂಬರ್ ನಂಬಬೇಡಿ: ಕೊಡಗಿನಿಂದ ಅಮೆರಿಕಕ್ಕೆ ಹೊರಟವರಿಗೆ

ಮಾದಾಪುರದ ಹತ್ತಿರ ನಮ್ಮ ಮನೆ. ಅಮೆರಿಕಕ್ಕೆ ಹೋಗಿ ಹದಿನಾರು ವರ್ಷವಾಯಿತು, ಆದರೂ ಕಾಫಿ ಕುಯ್ಲಿನ ಹೊತ್ತಿಗೆ ರಜೆ ಹಾಕಿ ಬರುವ ಅಭ್ಯಾಸ ಬಿಟ್ಟಿಲ್ಲ. ಈ ಸಲ ಬಂದಾಗ ಪಕ್ಕದ ತೋಟದ ಹುಡುಗಿ ಓದಲು ಅಲ್ಲಿಗೆ ಹೊರಟಿದ್ದಳು. ಸೂಟ್‌ಕೇಸ್ ತೂಕ, ಸ್ವೆಟರ್, ಕಾಳುಮೆಣಸು ಒಯ್ಯಬಹುದಾ ಎಲ್ಲ ಕೇಳಿದಳು. ಫೋನ್ ವಿಷಯ ಕೇಳಲೇ ಇಲ್ಲ. ಯಾರೂ ಕೇಳುವುದಿಲ್ಲ. ಅಲ್ಲಿನ ಸಿಮ್ ಹಾಕಿದ ಮೇಲೆ ಮೊದಲು ಶುರುವಾಗುವ ತಲೆನೋವು ಮಾತ್ರ ಅದೇ: ಸುಳ್ಳು ನಂಬರ್ ತೋರಿಸಿ ಬರುವ ಮೋಸದ ಕರೆಗಳು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪರದೆ ಮೇಲೆ ಕಾಣುವ ನಂಬರ್ ಅಂದರೆ ಅಂಚೆ ಕವರಿನ ಮೂಲೆಯಲ್ಲಿ ಬರೆಯುವ 'ಇಂದ' ವಿಳಾಸ ಇದ್ದ ಹಾಗೆ. ಕಳಿಸಿದವನು ಏನು ಬೇಕಾದರೂ ಬರೆಯಬಹುದು, ಅಂಚೆಯಣ್ಣ ಅದನ್ನು ನೋಡುತ್ತಾ ಕೂರುವುದಿಲ್ಲ. ಇಂಟರ್ನೆಟ್ ಮೂಲಕ ಹೋಗುವ ಕರೆಗಳಲ್ಲಿ ಯಾವ ನಂಬರ್ ತೋರಿಸಬೇಕು ಅನ್ನುವುದನ್ನು ಕರೆ ಮಾಡುವವನೇ ತುಂಬಲು ಆಗುತ್ತದೆ. ಒಂದು ಕಂಪನಿಯ ನೂರು ಜನ ನೂರು ಮೇಜಿನಿಂದ ಮಾತಾಡಿದರೂ ಆಫೀಸಿನ ಒಂದೇ ನಂಬರ್ ಕಾಣಲಿ ಅನ್ನುವಂಥ ನೆಟ್ಟಗಿನ ಕೆಲಸಕ್ಕೂ ಇದು ಬೇಕು. ಅದೇ ಬಾಗಿಲಲ್ಲಿ ಕಳ್ಳರೂ ನುಗ್ಗಿದರು.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಒಂದು ಬೈಗುಳದಿಂದ. ಒಂದು ಸಂಜೆ ಗುರುತಿಲ್ಲದ ಹೆಂಗಸೊಬ್ಬರು ಫೋನ್ ಮಾಡಿ, 'ಬೆಳಿಗ್ಗೆಯಿಂದ ಐದು ಸಲ ಕರೆ ಮಾಡಿದ್ದೀರಿ, ನಿಮಗೆ ಬೇರೆ ಕೆಲಸ ಇಲ್ವಾ' ಅಂತ ಕೂಗಾಡಿದರು. ನಾನು ಆ ದಿನ ಯಾರಿಗೂ ಫೋನೇ ಮಾಡಿರಲಿಲ್ಲ. ಯಾವನೋ ನನ್ನ ನಂಬರ್ ತೋರಿಸಿಕೊಂಡು ಊರಿಗೆಲ್ಲ ಕರೆ ಮಾಡುತ್ತಿದ್ದ. ಅಲ್ಲಿ ಇದು ಮಾಮೂಲು. ನಿಮ್ಮ ಏರಿಯಾ ಕೋಡ್ (ನಂಬರಿನ ಮೊದಲ ಮೂರು ಅಂಕಿ), ಅದರ ಮುಂದಿನ ಮೂರು ಅಂಕಿ ಎರಡೂ ಹೊಂದುವ ಹಾಗೆ ನಂಬರ್ ಹಾಕುತ್ತಾರೆ. ಪಕ್ಕದ ಬೀದಿಯವರು ಅಂದುಕೊಂಡು ನೀವು ಎತ್ತುತ್ತೀರಿ. ಹಾಗಾಗಿ ಮೋಸದ ಕರೆ ಬಂದರೆ ಆ ನಂಬರಿಗೆ ತಿರುಗಿ ಮಾಡಿ ಬೈಯಬೇಡಿ. ಅತ್ತ ಕಡೆ ನನ್ನಂಥ ಪಾಪದವನೇ ಸಿಗುತ್ತಾನೆ.

ಹಾಗಾದರೆ ಸರ್ಕಾರ ಸುಮ್ನೆ ಕೂತಿದೆಯಾ? ಇಲ್ಲ. ಮೋಸಕ್ಕಾಗಿ ಸುಳ್ಳು ನಂಬರ್ ತೋರಿಸುವುದು ಅಪರಾಧ ಅಂತ 2010ರಲ್ಲೇ ಅಲ್ಲಿ ಕಾನೂನು ಬಂತು, ಒಂದೊಂದು ತಪ್ಪಿಗೆ 10,000 ಡಾಲರ್‌ವರೆಗೆ ದಂಡ. ಆಮೇಲೆ ದೊಡ್ಡ ಫೋನ್ ಕಂಪನಿಗಳೆಲ್ಲ ಪ್ರತಿ ಕರೆಗೂ ಒಂದು ಡಿಜಿಟಲ್ ಮುದ್ರೆ ಒತ್ತಬೇಕು ಅಂದರು. ಅದಕ್ಕೆ 2021ರ ಜೂನ್ 30 ಗಡುವು. ಕರೆ ಎಲ್ಲಿ ಹುಟ್ಟುತ್ತದೋ ಆ ಕಂಪನಿ, 'ಈ ನಂಬರ್ ಇವನದೇ ಹೌದು' ಅಂತ ಸಹಿ ಹಾಕುತ್ತದೆ. ಆದರೆ ಹಳೇ ಕಾಲದ ತಂತಿ ಜಾಲದಲ್ಲಿ ಈ ಮುದ್ರೆ ಉಳಿಯುವುದಿಲ್ಲ. ಹೊರದೇಶದಿಂದ ಒಳಗೆ ಬರುವ ಕರೆಗೆ, ಯಾರು ಮಾಡಿದ್ದು ಅಂತ ಗೊತ್ತಿಲ್ಲದೆಯೇ ದುರ್ಬಲವಾದ ಒಂದು ಮುದ್ರೆ ಬೀಳುತ್ತದೆ. ಕೆಲವು ಫೋನಿನಲ್ಲಿ ನಂಬರ್ ಪಕ್ಕ ಒಂದು ಸಣ್ಣ ಟಿಕ್ ಗುರುತು ಕಾಣುತ್ತದೆ ನೋಡಿ, ಅದು ಈ ಮುದ್ರೆಯದು. ನಂಬರ್ ಸುಳ್ಳಲ್ಲ ಅಂತ ಮಾತ್ರ ಅದರ ಅರ್ಥ. ಮಾತಾಡುವವನು ಒಳ್ಳೆಯವನು ಅಂತಲ್ಲ. ಕಳ್ಳ ತನ್ನದೇ ನಿಜವಾದ ನಂಬರಿನಿಂದಲೂ ಕಳ್ಳತನ ಮಾಡಬಹುದಲ್ವಾ?

ಹೊಸಬರೇ ಜಾಸ್ತಿ ಸಿಕ್ಕಿಬೀಳುವುದಕ್ಕೆ ಕಾರಣ ಇದೆ. ನೀವು ದಡ್ಡರು ಅಂತಲ್ಲ. ಮೊದಲ ಮೂರು ತಿಂಗಳು ನೀವು ಎಲ್ಲ ಕರೆಗೂ ಕಾಯುತ್ತಿರುತ್ತೀರಿ. ಮನೆ ಬಾಡಿಗೆಯವರು, ಕಾಲೇಜಿನವರು, ಬ್ಯಾಂಕಿನವರು, ಸೋಶಿಯಲ್ ಸೆಕ್ಯುರಿಟಿ ಕಾರ್ಡ್ (ಅಲ್ಲಿ ಕೆಲಸಕ್ಕೆ, ತೆರಿಗೆಗೆ ಬೇಕಾದ ಸರ್ಕಾರಿ ನಂಬರ್ ಇರುವುದು), ಸೋಫಾ ತರುವವನು. ಯಾವ ನಂಬರನ್ನೂ ಬಿಡುವ ಧೈರ್ಯ ಇರುವುದಿಲ್ಲ. ಅದಕ್ಕೆ ಮದ್ದು ವಾಯ್ಸ್‌ಮೇಲ್, ಅಂದರೆ ನೀವು ಎತ್ತದಿದ್ದಾಗ ಅವರ ಮಾತು ರೆಕಾರ್ಡ್ ಆಗುವ ವ್ಯವಸ್ಥೆ. ನಮ್ಮ ಕಡೆ ಅದನ್ನು ಯಾರೂ ಬಳಸುವುದಿಲ್ಲ, ಅಲ್ಲಿ ಮಾತ್ರ ಹೋದ ದಿನವೇ ಸರಿ ಮಾಡಿಟ್ಟುಕೊಳ್ಳಿ. ನಿಜವಾಗಿ ಕೆಲಸ ಇರುವವರು ಹೆಸರು, ವಿಷಯ ಹೇಳಿ ಮೆಸೇಜ್ ಬಿಡುತ್ತಾರೆ. ನೀವು ಅವರ ಸಂಸ್ಥೆಯ ನಂಬರನ್ನು ನಿಮ್ಮ ಕಾಗದದಲ್ಲೋ ಅವರ ವೆಬ್‌ಸೈಟಿನಲ್ಲೋ ಹುಡುಕಿ ವಾಪಸ್ ಮಾಡಿ. ಒಳಗೆ ಬಂದ ನಂಬರಿಗಲ್ಲ, ನೀವಾಗಿ ಹುಡುಕಿದ ನಂಬರಿಗೆ. ನನ್ನ ಪ್ರಕಾರ ಇದೊಂದನ್ನು ಪಾಲಿಸಿದರೆ ಮುಕ್ಕಾಲು ಪಾಲು ಕಾಟ ಮುಗಿಯಿತು.

ಇನ್ನೊಂದು ನಮ್ಮೂರಿನ ಅಭ್ಯಾಸ: ಮಿಸ್ಡ್ ಕಾಲ್. ಇಲ್ಲಿ ಜೀಪಿನವನು ಒಂದು ರಿಂಗ್ ಕೊಟ್ಟರೆ 'ಬಂದಿದ್ದೇನೆ' ಅಂತ. ತೋಟದ ಕೆಲಸದವರು ಕೊಟ್ಟರೆ 'ನೀವೇ ಮಾಡಿ' ಅಂತ. ಆ ಕೈ ಅಲ್ಲಿಯೂ ತಾನಾಗಿ ವಾಪಸ್ ಡಯಲ್ ಮಾಡುತ್ತದೆ. ಅಮೆರಿಕದ 1 ಅನ್ನುವ ಕೋಡ್ ಕೆನಡಾಕ್ಕೂ ಇದೆ, ಕೆರಿಬಿಯನ್ ಕಡೆಯ ಎಷ್ಟೋ ದ್ವೀಪಗಳಿಗೂ ಇದೆ. 876 ಅಂತ ಶುರುವಾದರೆ ಅದು ಜಮೈಕಾ. ನೋಡಲು ಊರ ನಂಬರ್ ಹಾಗೇ ಇರುತ್ತದೆ, ವಾಪಸ್ ಮಾಡಿದರೆ ಬಿಲ್ ಬರುತ್ತದೆ. ಒಂದೇ ರಿಂಗ್ ಕೊಟ್ಟು ಕಟ್ ಆದದ್ದನ್ನು ಹಾಗೇ ಬಿಟ್ಟುಬಿಡಿ.

ಬೆದರಿಸುವ ಕರೆಗಳು ಬೇರೆ ಜಾತಿ. 'ನಿಮ್ಮ ಸೋಶಿಯಲ್ ಸೆಕ್ಯುರಿಟಿ ನಂಬರ್ ಅಮಾನತಾಗಿದೆ' ಅನ್ನುತ್ತಾರೆ. ಆ ನಂಬರ್ ಅಮಾನತಾಗುವ ವಸ್ತುವೇ ಅಲ್ಲ. 'ತೆರಿಗೆ ಬಾಕಿ, ಒಂದು ಗಂಟೆಯಲ್ಲಿ ಪೊಲೀಸ್ ಬರುತ್ತಾರೆ' ಅನ್ನುತ್ತಾರೆ. ತೆರಿಗೆ ಇಲಾಖೆ ಸಾಮಾನ್ಯವಾಗಿ ಮೊದಲು ಅಂಚೆಯಲ್ಲಿ ಕಾಗದ ಕಳಿಸುತ್ತದೆ. 'ವೀಸಾ ಫಾರಂನಲ್ಲಿ ತಪ್ಪಿದೆ, ದುಡ್ಡು ಕಟ್ಟದಿದ್ದರೆ ಗಡೀಪಾರು' ಅಂತ ವಲಸೆ ಇಲಾಖೆಯ ಹೆಸರಲ್ಲಿ ಬರುತ್ತದೆ. ಅವರು ಫೋನಿನಲ್ಲಿ ದುಡ್ಡು ಕೇಳುವುದಿಲ್ಲ. ಭಾರತದ ರಾಯಭಾರ ಕಚೇರಿಯ ನಂಬರನ್ನೇ ತೋರಿಸಿ ಮಾಡಿದ್ದೂ ಉಂಟು, ಕಚೇರಿಯೇ ಎಚ್ಚರಿಕೆ ಹೊರಡಿಸಿತ್ತು. ಯಾವನು ಗಿಫ್ಟ್ ಕಾರ್ಡ್ ಕೊಂಡು ಅದರ ಹಿಂದಿನ ಅಂಕಿ ಓದು ಅಂತಾನೋ ಅವನು ಕಳ್ಳ. ಇದರಲ್ಲಿ ಯೋಚನೆ ಮಾಡಲು ಏನೂ ಇಲ್ಲ.

ಬೇಜಾರಿನ ವಿಷಯ ಅಂದರೆ, ಆ ಧ್ವನಿ ಎಷ್ಟೋ ಸಲ ನಮ್ಮ ದೇಶದ್ದೇ. 2016ರ ಅಕ್ಟೋಬರ್‌ನಲ್ಲಿ ಮುಂಬೈ ಪಕ್ಕದ ಮೀರಾ ರೋಡ್‌ನಲ್ಲಿ ಪೊಲೀಸರು ದಾಳಿ ಮಾಡಿದಾಗ, ಅಮೆರಿಕದ ತೆರಿಗೆ ಅಧಿಕಾರಿಗಳ ವೇಷದಲ್ಲಿ ಕರೆ ಮಾಡುತ್ತಿದ್ದ ನೂರಾರು ಹುಡುಗ ಹುಡುಗಿಯರು ಸಿಕ್ಕಿದರು. ನಮ್ಮವರಿಗೆ ವೀಸಾ, ಪಾಸ್‌ಪೋರ್ಟ್ ಅಂದರೆ ಎಲ್ಲಿ ನೋಯುತ್ತದೆ ಅಂತ ಅಂಥವರಿಗೆ ಚೆನ್ನಾಗಿ ಗೊತ್ತು.

ಇನ್ನು ಮನೆಯ ಕಡೆ. ನೀವು ಅಲ್ಲಿ ಹುಷಾರಾಗಿದ್ದರೆ ಕಳ್ಳರು ಇಲ್ಲಿಗೆ ಕರೆ ಮಾಡುತ್ತಾರೆ.

2024ರ ಡಿಸೆಂಬರ್‌ನಲ್ಲಿ ನಮ್ಮ ಅಪ್ಪನಿಗೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಕರೆ ಬಂತು. ಪೊಲೀಸ್ ಸಮವಸ್ತ್ರ, ಹಿಂದೆ ಗೋಡೆಯಲ್ಲಿ ದೊಡ್ಡ ಲಾಂಛನ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಅಲ್ಲಾಡಬಾರದು, ಯಾರಿಗೂ ಹೇಳಬಾರದು. ಅಪ್ಪ ಸೈನ್ಯದಲ್ಲಿದ್ದವರು. ಸಮವಸ್ತ್ರ ಕಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಯಲ್ಲಿ ಹೀಗೇ, ಅದೇ ನನ್ನ ಭಯ. ಮುಕ್ಕಾಲು ಗಂಟೆ ಕಣದ ಮೂಲೆಯಲ್ಲಿ ಕುರ್ಚಿ ಹಾಕಿ ಕೂತರಂತೆ, ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಅಷ್ಟರಲ್ಲಿ ಮೋಡ ಕಟ್ಟಿ ನಾಲ್ಕು ಹನಿ ಬಿತ್ತು. ಕಣದಲ್ಲಿ ಅರ್ಧ ಒಣಗಿದ ಕಾಫಿ. 'ಅರೆಸ್ಟ್ ಆಮೇಲೆ ಮಾಡಿ ಸಾರ್, ಮೊದಲು ಕಾಫಿ ರಾಶಿ ಮಾಡಿ ಟಾರ್ಪಾಲ್ ಹಾಕ್ತೇನೆ' ಅಂತ ಫೋನ್ ಕುರ್ಚಿ ಮೇಲೆ ಬಿಟ್ಟು ಓಡಿದರು. ಅತ್ತಲಿಂದ ಕೂಗುತ್ತಲೇ ಇದ್ದರಂತೆ. ಟಾರ್ಪಾಲ್ ಹಿಡಿಯಲು ಬಂದ ಅಮ್ಮ ಕೂಗು ಕೇಳಿ, ಫೋನ್ ನೋಡಿ, ಕಟ್ ಮಾಡಿದರು. ಒಂದು ಪೈಸೆ ಹೋಗಲಿಲ್ಲ. ಆದರೆ ಅಪ್ಪ ಒಂದು ವಾರ ಇದನ್ನು ನನಗೆ ಹೇಳಲಿಲ್ಲ, ನಾಚಿಕೆಯಿಂದ.

ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದ್ದರು. ಅದೇ ತಿಂಗಳು, ಭಾರತದ ನಂಬರ್ ತೋರಿಸಿಕೊಂಡು ಹೊರದೇಶದಿಂದ ಬರುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಕೇಂದ್ರ ಶುರು ಮಾಡಿತು. ಒಳ್ಳೆಯದೇ, ಆದರೆ ವಾಟ್ಸ್‌ಆ್ಯಪ್ ಕರೆ ಆ ದಾರಿಯಲ್ಲಿ ಹೋಗುವುದೇ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು 'ನಿಮ್ಮ ಮಗ ಅಮೆರಿಕದಲ್ಲಿ ಅರೆಸ್ಟ್ ಆಗಿದ್ದಾನೆ' ಅನ್ನುವ ಕರೆ. ಅಲ್ಲಿ ರಾತ್ರಿ ಇರುತ್ತದೆ, ನಿಮ್ಮ ಫೋನ್ ಸೈಲೆಂಟ್. ಇದರ ಉಲ್ಟಾ ಕೂಡ ಆಗುತ್ತದೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದಾಗ ನನಗೆ ನಾಲ್ಕು ದಿನ ಮನೆಯ ಫೋನ್ ಸಿಗಲಿಲ್ಲ. ಆ ನಾಲ್ಕು ದಿನದಲ್ಲಿ ಯಾರಾದರೂ ಫೋನ್ ಮಾಡಿ 'ನಿಮ್ಮ ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ದುಡ್ಡು ಕಳಿಸಿ' ಅಂದಿದ್ದರೆ ಎರಡನೇ ಮಾತಿಲ್ಲದೆ ಕಳಿಸುತ್ತಿದ್ದೆ. ಮಳೆಗಾಲದಲ್ಲಿ ಕರೆಂಟು, ಟವರ್ ಎರಡೂ ಹೋಗುವ ಊರು ನಮ್ಮದು. ಹಾಗಾಗಿ ಹೊರಡುವ ಮೊದಲೇ ಅಲ್ಲಿ ಇಬ್ಬರು, ಇಲ್ಲಿ ಇಬ್ಬರು ಅಂತ ನಂಬರ್ ಗೊತ್ತು ಮಾಡಿಡಿ. ನಿಮ್ಮ ರೂಮ್‌ಮೇಟ್ ನಂಬರ್ ಅಮ್ಮನ ಹತ್ತಿರ ಇರಲಿ. ಇಲ್ಲಿಯ ಇಬ್ಬರಲ್ಲಿ ಒಬ್ಬರು ಬೇರೆ ಊರಿನವರಾಗಿರಲಿ, ಸೋಮವಾರಪೇಟೆಯಲ್ಲಿ ಟವರ್ ಹೋದರೆ ಕುಶಾಲನಗರದ್ದು ಇದ್ದೀತು.

ಧ್ವನಿಯನ್ನೂ ಈಗ ನಕಲು ಮಾಡುತ್ತಾರೆ. ಮನೆಯಲ್ಲಿ ಅರೆಭಾಷೆಯೋ ಕೊಡವ ತಕ್ಕೋ ಆಡುವವರಿಗೆ ಇಲ್ಲೊಂದು ಲಾಭ ಇದೆ. ಮಗನ ಧ್ವನಿ ಇಂಗ್ಲಿಷಿನಲ್ಲಿ ಅತ್ತರೆ ಅದು ಮಗ ಅಲ್ಲ. ಆದರೂ ಮನೆಯವರಿಗೆ ಮಾತ್ರ ಉತ್ತರ ಗೊತ್ತಿರುವ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಳ್ಳಿ. ಮನೆತನದ ಹೆಸರು ಬೇಡ, ಅದು ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುತ್ತದೆ.

ದುಡ್ಡು ಹೋಗಿಯೇ ಬಿಟ್ಟರೆ? ಅಲ್ಲಾದರೆ ಕಾರ್ಡಿನ ಹಿಂದಿರುವ ಬ್ಯಾಂಕ್ ನಂಬರಿಗೆ ಆ ಕ್ಷಣವೇ ಕರೆ ಮಾಡಿ. ಗಿಫ್ಟ್ ಕಾರ್ಡ್ ಆಗಿದ್ದರೆ ಕಾರ್ಡ್, ರಸೀದಿ ಎಸೆಯದೆ ಆ ಕಾರ್ಡಿನ ಕಂಪನಿಗೆ ಹೇಳಿ. ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಟ್ಟಿದ್ದರೆ ಜನರ ಸಾಲದ ಲೆಕ್ಕ ಇಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರು ಕಂಪನಿಗಳಲ್ಲೂ ಕ್ರೆಡಿಟ್ ಫ್ರೀಜ್ (ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ಎತ್ತದಂತೆ ತಡೆ) ಮಾಡಿಸಿ, 2018ರಿಂದ ಅದು ಉಚಿತ. ದೂರು ಕೊಡುವುದು ಅಲ್ಲಿನ ಗ್ರಾಹಕರ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಟಿಸಿಯ ವೆಬ್‌ಸೈಟಿನಲ್ಲಿ. ಇಲ್ಲಾದರೆ (ಭಾರತದಲ್ಲಿ) ಮನೆಯವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಡಯಲ್ ಮಾಡಬೇಕು, ಆದಷ್ಟು ಬೇಗ. ದುಡ್ಡು ಇನ್ನೊಂದು ಖಾತೆಯಿಂದ ಮತ್ತೊಂದಕ್ಕೆ ಜಿಗಿಯುವ ಮೊದಲು ಹೇಳಿದರೆ ತಡೆಹಿಡಿಯುವ ಸಾಧ್ಯತೆ ಇದೆ. ಸಂತೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತೆ ಅಂತ ಮುಚ್ಚಿಟ್ಟು ಕೂತರೆ ಆ ಸಮಯ ಹೋಯಿತು.

ನಮ್ಮನೆಯ ಗುಟ್ಟಿನ ಪ್ರಶ್ನೆ ಹಿತ್ತಲಿನ ಒಂದು ಮರದ ಬಗ್ಗೆ. 1930 ನಂಬರ್, ನನ್ನ ಪಕ್ಕದ ಮನೆಯವರ ನಂಬರ್, ಈ ಪ್ರಶ್ನೆ ಮೂರನ್ನೂ ಅಮ್ಮ ಫೋನ್ ಪಕ್ಕದ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ. ನಂಬರುಗಳು ಮುಂದೆ, ಪ್ರಶ್ನೆ ಮಾತ್ರ ಹಾಳೆಯ ಹಿಂದೆ. ಬಂದವರೆಲ್ಲ ಓದುತ್ತಾರಂತೆ. ಪ್ರತಿ ತಿಂಗಳು ಹಾಳೆ ಹರಿದಾಗ ಮತ್ತೆ ಬರೆಯುತ್ತಾರೆ.