ನಿಮ್ಮೂರಿನ ಹಳೇ ಕಲ್ಲು, ಹಳೇ ಮನೆ, ಹಳೇ ಗುಡಿ ನೋಡುವುದು ಹೇಗೆ: ಮಲೆನಾಡಿನವರಿಗೊಂದು ದಾರಿ

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಬಚ್ಚಲ ಹಿಂದೆ ಬಟ್ಟೆ ಒಗೆಯುವ ಕಲ್ಲೊಂದಿತ್ತು. ನಾನು ಚಿಕ್ಕವನಿದ್ದಾಗ ಅದರ ಮೇಲೆ ಕೂತು ಕಾಲು ತೊಳೆದುಕೊಂಡಿದ್ದೇನೆ. ಹತ್ತು ವರ್ಷದ ಹಿಂದೆ ಹೊಸ ಬಚ್ಚಲು ಕಟ್ಟುವಾಗ ಕಲ್ಲನ್ನು ಮಗುಚಿದರು. ಕೆಳಗಿನ ಮಗ್ಗುಲಲ್ಲಿ ಬಿಲ್ಲು ಹಿಡಿದ ಒಬ್ಬ ಮನುಷ್ಯ, ಅವನ ಎದುರು ಈಟಿ ಹಿಡಿದ ಇಬ್ಬರು, ಮೂಲೆಯಲ್ಲಿ ನಾಲ್ಕು ಹಸು. ವೀರಗಲ್ಲು. ಮೂರು ತಲೆಮಾರು ಅದರ ಬೆನ್ನ ಮೇಲೆ ಬಟ್ಟೆ ಒಗೆದಿದ್ದೆವು, ಯಾರಿಗೂ ಗೊತ್ತಿರಲಿಲ್ಲ.

ಅವತ್ತಿನಿಂದ ನನಗೆ ಈ ಹುಚ್ಚು ಹಿಡಿಯಿತು. ಹಳೆಯದನ್ನು ನೋಡಬೇಕು ಅಂದರೆ ಹಂಪಿಗೋ ಬೇಲೂರಿಗೋ ಹೋಗಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅಲ್ವಾ? ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿದವರು ಮೊದಲು ತಮ್ಮ ಹಿತ್ತಿಲು, ಊರಬಾಗಿಲು, ಕೆರೆ ಏರಿ ನೋಡಬೇಕು. ಹೇಗೆ ನೋಡಬೇಕು ಅನ್ನುವುದನ್ನು ನಾನು ಕಲಿತಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಣ್ಣು ಪಳಗಬೇಕು. ಅದಕ್ಕೆ ಒಳ್ಳೆಯ ಜಾಗ ಶಿವಮೊಗ್ಗ ಪೇಟೆಯಲ್ಲೇ ಇದೆ, ತುಂಗಾ ಹೊಳೆ ಪಕ್ಕದ ಶಿವಪ್ಪ ನಾಯಕನ ಅರಮನೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಮರದ ದಪ್ಪ ಕಂಬಗಳ ಹಜಾರ ನೋಡಿ, ಚೆನ್ನಾಗಿದೆ, ಆದರೆ ಜಾಸ್ತಿ ಹೊತ್ತು ಕಳೆಯಬೇಕಾದ್ದು ಹೊರಗೆ ಅಂಗಳದಲ್ಲಿ. ಸುತ್ತಮುತ್ತಲ ಊರುಗಳಿಂದ ತಂದ ಮೂರ್ತಿಗಳು, ವೀರಗಲ್ಲು, ಮಾಸ್ತಿಗಲ್ಲು ಅಲ್ಲಿ ಸಾಲಾಗಿ ನಿಂತಿವೆ. ಒಂದರ ಪಕ್ಕ ಒಂದು ಇಟ್ಟು ನೋಡುವ ಅನುಕೂಲ ಬಯಲಿನಲ್ಲಿ ಸಿಗುವುದಿಲ್ಲ. ಒಂದು ಬೆಳಿಗ್ಗೆ ಪೂರ್ತಿ ಇದಕ್ಕೇ ಇಡಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ. ಕೆಳಗಿನದರಲ್ಲಿ ಆ ವೀರ, ಅಂದರೆ ಯಾರ ನೆನಪಿಗೆ ಕಲ್ಲು ನಿಲ್ಲಿಸಿದರೋ ಅವನು, ಹೇಗೆ ಸತ್ತ ಅನ್ನುವುದು. ಹಸುಗಳಿದ್ದರೆ ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯಲು ಹೋಗಿ ಸತ್ತವನು. ಹಂದಿ, ನಾಯಿ ಇದ್ದರೆ ಬೇಟೆ. ಕುದುರೆ, ಆನೆ ಇದ್ದರೆ ದೊಡ್ಡ ಕಾಳಗ. ನಡುವಿನ ಅಂತಸ್ತಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ಜೈನನಾದರೆ ಜಿನನ ಮುಂದೆ. ತುದಿಯಲ್ಲಿ ಸೂರ್ಯ ಚಂದ್ರ, ಅವು ಇರುವ ತನಕ ಇವನ ಹೆಸರು ಇರಲಿ ಅಂತ. ಅಕ್ಷರ ಇದ್ದರೆ ಹೆಚ್ಚಾಗಿ ಈ ಅಂತಸ್ತುಗಳ ನಡುವಿನ ಪಟ್ಟಿಯಲ್ಲೇ ಇರುತ್ತದೆ, ಹಾಗಾಗಿ ಆ ಪಟ್ಟಿಯನ್ನು ಕೈಯಲ್ಲಿ ಸವರಿ ನೋಡಿ.

ಮಾಸ್ತಿಗಲ್ಲು ಗುರುತಿಸುವುದು ಇನ್ನೂ ಸುಲಭ. ಕಂಬದಿಂದ ಹೊರಬಂದ ಹಾಗೆ ಒಂದು ಕೈ, ಮೊಣಕೈಯಲ್ಲಿ ಮಡಚಿದ್ದು, ತುಂಬಾ ಬಳೆ, ಬೆರಳ ಸಂದಿಯಲ್ಲಿ ಒಂದು ನಿಂಬೆಹಣ್ಣು. ಗಂಡ ಸತ್ತಾಗ ಬೆಂಕಿಗೆ ಬಿದ್ದವಳ ಕಲ್ಲು ಅದು. ಆ ಬಳೆಗಳನ್ನು ನೋಡಿದಾಗಲೆಲ್ಲ ನನಗೆ ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ.

ಇನ್ನು ಸಣ್ಣ ಕಲ್ಲುಗಳು. ಗದ್ದೆ ಅಂಚಿನಲ್ಲಿ ಬರೀ ಲಿಂಗ ಕೊರೆದ ಕಲ್ಲು ಇದ್ದರೆ ಅದು ಲಿಂಗಮುದ್ರೆ ಕಲ್ಲು, ಶಿವನ ಗುಡಿಗೆ ಬಿಟ್ಟ ಜಮೀನಿನ ಗಡಿ. ಕೊಡೆ ಹಿಡಿದ ವಾಮನ ಇದ್ದರೆ ವೈಷ್ಣವರಿಗೆ ಬಿಟ್ಟದ್ದು. ಒಂದರ ಮೇಲೊಂದು ಮೂರು ಕೊಡೆ ಇದ್ದರೆ ಬಸದಿಯದು. ಇವಕ್ಕೆ ಯಾರೂ ಪೂಜೆ ಮಾಡುವುದಿಲ್ಲ, ನೋಡಲು ಅಂಥ ಚೆಂದವೂ ಇಲ್ಲ, ಅದಕ್ಕೇ ಇವು ಬೇಗ ಕಳೆದುಹೋಗುತ್ತವೆ. ಸಿಕ್ಕರೆ ಬಿಡಬೇಡಿ. ಹತ್ತಿರದಲ್ಲಿ ಗುಡಿ ಇಲ್ಲದಿದ್ದರೂ ಒಂದು ಕಾಲದಲ್ಲಿ ಇತ್ತು ಅಂತ ಹೇಳುವ ಸಾಕ್ಷಿ ಅದೊಂದೇ ಇರಬಹುದು.

ಕಣ್ಣು ಪಳಗಿದ ಮೇಲೆ ನಿಮ್ಮ ಊರಿನ ಹೆಸರು ಹಿಡಿದು ಹುಡುಕಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು ನೂರಿಪ್ಪತ್ತು ವರ್ಷದ ಹಿಂದೆ ಈ ಜಿಲ್ಲೆಯ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ್ದಾರೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಅಂತ ಹೆಸರು. 1902ರಲ್ಲಿ ಬಂದ 7ನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕು. 1904ರ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಈಗಿನ ಹೊಸನಗರದವರು ‘ನಗರ’ ತಾಲ್ಲೂಕಿನಲ್ಲಿ ಹುಡುಕಬೇಕು. ಎರಡೂ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಶಾಸನದ ಪಾಠ ಕನ್ನಡ ಲಿಪಿಯಲ್ಲೇ ಇದೆ, ಇಂಗ್ಲಿಷ್ ಅನುವಾದವೂ ಇದೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಗುರುತು ಮತ್ತು ಒಂದು ನಂಬರು, ಜೊತೆಗೆ ಕಲ್ಲು ಊರಿನ ಯಾವ ಕಡೆ ಇದೆ ಅನ್ನುವ ಒಂದು ಸಾಲು: ಕೆರೆ ಕೋಡಿಯ ಹತ್ತಿರ, ಗುಡಿಯ ಬಲಕ್ಕೆ, ಹೀಗೆ. ಆ ಸಾಲು ಹಿಡಿದು ಹೋಗಿ ಕಲ್ಲು ಇನ್ನೂ ಅಲ್ಲೇ ಇದೆಯಾ ನೋಡುವುದಿದೆಯಲ್ಲ, ಅದರ ಖುಷಿಯೇ ಬೇರೆ. ಹಳ್ಳಿ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಈಗಿನ ಹಾಗೆ ಇರುವುದಿಲ್ಲ, ನಾಲ್ಕೈದು ರೀತಿ ಹಾಕಿ ನೋಡಿ.

ಶಾಸನದಲ್ಲಿ ವರ್ಷ ಹೆಚ್ಚಾಗಿ ಶಕದಲ್ಲಿರುತ್ತದೆ. ಅದಕ್ಕೆ 78 ಸೇರಿಸಿದರೆ ಇಸವಿ ಸಿಗುತ್ತದೆ, ತಿಂಗಳು ನೋಡಿ ಒಂದು ವರ್ಷ ಆಚೀಚೆ ಆಗಬಹುದು. ಬಳ್ಳಿಗಾವಿಯ ಭೇರುಂಡೇಶ್ವರ ಕಂಬದ್ದು ಶಕ 969, ಅಂದರೆ 1047.

ಬಳ್ಳಿಗಾವಿ ಅಂದೆ. ಶಿರಾಳಕೊಪ್ಪದಿಂದ ಹತ್ತಿರ. ಒಂದು ಕಾಲಕ್ಕೆ ಬನವಾಸಿ ಪನ್ನಿರ್ಚ್ಛಾಸಿರಕ್ಕೆ, ಅಂದರೆ ‘ಬನವಾಸಿ ಹನ್ನೆರಡು ಸಾವಿರ’ ಅನ್ನುವ ಸೀಮೆಗೆ, ರಾಜಧಾನಿ, ಅಲ್ಲಮಪ್ರಭು ಹುಟ್ಟಿದ ಊರು. ಅಲ್ಲಿಗೆ ಹೋದವರು ಕೇದಾರೇಶ್ವರ, ತ್ರಿಪುರಾಂತಕ ನೋಡಿ ವಾಪಸ್ಸು ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಭೇರುಂಡೇಶ್ವರ ಕಂಬದ ಹತ್ತಿರ ನಿಲ್ಲಿ, ಸುಮಾರು 30 ಅಡಿಯ ಒಂದೇ ಕಲ್ಲು, ಚಾವುಂಡರಾಯರಸ ನಿಲ್ಲಿಸಿದ್ದು. ಈ ಊರಿನ ಶಾಸನಗಳಲ್ಲಿ ಜಮೀನು ಅಳೆಯಲು ‘ಭೇರುಂಡ ಗಳೆ’ ಅನ್ನುವ ಅಳತೆಗೋಲಿನ ಹೆಸರು ಬರುತ್ತದೆ. ಈ ಊರಿನಲ್ಲಿ ಶೈವ ಮಠ, ಬಸದಿ, ಬೌದ್ಧ ವಿಹಾರ ಎಲ್ಲವೂ ಇದ್ದವು. ಅಲ್ಲಿಂದ ನಾಲ್ಕೈದು ಕಿಲೋಮೀಟರಿನಲ್ಲಿ ತಾಳಗುಂದ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ ಕುಬ್ಜ ಅನ್ನುವ ಕವಿ ಬರೆದ ಸಂಸ್ಕೃತ ಶಾಸನ ಇದೆ, 5ನೇ ಶತಮಾನದ್ದು. ಓದಲು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ನಮಗೆಲ್ಲ ಶಾಲೆಯಲ್ಲಿ ಹೇಳಿದ್ದಾರಲ್ಲ, ಅದು ಬಂದಿದ್ದು ಈ ಕಂಬದಿಂದ. ಇವೆರಡು ಊರಿಗೆ ಒಂದು ದಿನ ಪೂರ್ತಿ ಬೇಕು. ಮೂರನೆಯದನ್ನು ಸೇರಿಸಲು ಹೋಗಬೇಡಿ.

ಸಾಗರದ ಕಡೆ ಹೋದರೆ ಇಕ್ಕೇರಿ, ಕೆಳದಿ, ಶಿವಪ್ಪ ನಾಯಕನ ವಂಶದ ಕೆಳದಿ ನಾಯಕರ ಹಳೇ ರಾಜಧಾನಿಗಳು. ಎರಡೂ ಪೇಟೆಯಿಂದ ಹತ್ತು ಕಿಲೋಮೀಟರಿನ ಒಳಗೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋಗುವವರಿಗೆ ನಾನು ಒಂದು ಅಳತೆ ಟೇಪು ತೆಗೆದುಕೊಂಡು ಹೋಗಿ ಅನ್ನುತ್ತೇನೆ. ಒಳಗಿನ ನಡುಗಂಬಗಳ ನಡುವಿನ ಜಾಗ, 18 ಅಡಿ 6 ಇಂಚು, ತೋಟದ ಜಮೀನು ಅಳೆಯುವ ಗೋಲಿಗೆ ಆಧಾರವಾಗಿತ್ತು. ಯೋಚನೆ ಮಾಡಿ. ಮರದ ಗೋಲನ್ನು ಯಾರಾದರೂ ಮೊಟಕು ಮಾಡಬಹುದು, ದೇವರ ಮುಂದಿನ ಕಲ್ಲುಕಂಬವನ್ನು ಯಾರು ಸರಿಸುತ್ತಾರೆ? ಶಿವಪ್ಪ ನಾಯಕನ ‘ಶಿಸ್ತು’ ಅಂತ ನಾವು ಕೇಳಿದ್ದೇವಲ್ಲ, ಜಮೀನಿನ ಗುಣ ನೋಡಿ ಕಂದಾಯ ಕಟ್ಟಿದ ಪದ್ಧತಿ, ಅಂಥ ಲೆಕ್ಕಾಚಾರದ ಜನ ಇವರು. ಅಡಿಕೆ ತೋಟ ಇರುವ ನಮ್ಮಂಥವರಿಗೆ ಈ ಗುಡಿ ಬರೀ ಕೆತ್ತನೆ ಅಲ್ಲ. ಗರ್ಭಗುಡಿಯ ಮುಂದಿನ ನೆಲದಲ್ಲಿ ನಾಯಕ ಅರಸರು ಅಡ್ಡಬಿದ್ದ ಹಾಗೆ ಕೊರೆದಿದ್ದಾರೆ, ಅದನ್ನು ತುಳಿಯದೆ ನೋಡಿ. ಕೆಳದಿಯ ವೀರಭದ್ರ ಗುಡಿಯಲ್ಲಿ ತಲೆ ಎತ್ತಿ ನೋಡಬೇಕು, ಮಾಡಿನಲ್ಲಿ ಗಂಡಭೇರುಂಡ ಇದೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳನ್ನು ಇಟ್ಟಿದ್ದಾರೆ.

ಈ ನಾಯಕರ ಹಿಂದೆ ಬಿದ್ದರೆ ಕೊನೆಗೆ ಕಾಡಿಗೆ ಬರುತ್ತೀರಿ. ಇಕ್ಕೇರಿಯಿಂದ ರಾಜಧಾನಿ ಬಿದನೂರಿಗೆ ಹೋಯಿತು, ಅದೇ ಈಗಿನ ನಗರ. ಬಿದಿರೂರು ಬಿದನೂರಾಯಿತು, 1763ರಲ್ಲಿ ಹೈದರಾಲಿ ಹಿಡಿದ ಮೇಲೆ ಹೈದರ್‌ನಗರವಾಯಿತು. ನಗರದ ಕೋಟೆ, ದೇವಗಂಗೆಯ ಕೊಳ ನೋಡಿ. ಕವಲೇದುರ್ಗಕ್ಕೆ ಅರ್ಧ ದಿನ ಇಟ್ಟುಕೊಳ್ಳಿ, ಗದ್ದೆ ಬದುವಿನಲ್ಲಿ ನಡೆದು ಹೋಗಬೇಕು, ಮೂರು ಸುತ್ತಿನ ಕೋಟೆ, ಪ್ರತಿ ಬಾಗಿಲ ಎರಡೂ ಬದಿ ಕಾವಲಿನವರ ಕೋಣೆ. ಅರಮನೆಯ ಪಾಯ ಮಾತ್ರ ಉಳಿದಿದೆ. ಪಾಯ ನೋಡಿಯೇ ಮನೆ ಊಹಿಸಬೇಕು: ಎಲ್ಲಿ ಜಗಲಿ, ಎಲ್ಲಿ ಅಂಗಳ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದು ಬೇಗ ಹೊಳೆಯುತ್ತದೆ. ಹುಂಚದ ಪಂಚಕೂಟ ಬಸದಿ, ಕೂಡ್ಲಿಯ ಸಂಗಮದ ಗುಡಿಗಳು, ಭದ್ರಾವತಿಯ ಲಕ್ಷ್ಮೀನರಸಿಂಹ, ಇವನ್ನೂ ಒಂದೊಂದಾಗಿ ನೋಡಿ.

ಗುಡಿ ಕೋಟೆಗಿಂತ ಬೇಗ ಹೋಗುತ್ತಿರುವುದು ಮನೆಗಳು. ಹಳೇ ಮನೆಗೆ ಹೋಗುವಾಗ ಸುಮ್ನೆ ಕ್ಯಾಮೆರಾ ಎತ್ತಬೇಡಿ. ಜಗಲಿಯಲ್ಲಿ ಕೂತು, ಯಾರ ಕಡೆಯವರು ಅಂತ ಹೇಳಿ, ಕೊಟ್ಟ ಪಾನಕ ಕುಡಿದು, ಆಮೇಲೆ ಕೇಳಿ. “ಅಮ್ಮ, ಈ ಮನೆ ಕಟ್ಟಿದ್ದು ಯಾರ ಕಾಲದಲ್ಲಿ?” ಅಂತ ಒಂದು ಪ್ರಶ್ನೆ ಸಾಕು. ಕಂಬದ ಬೋದಿಗೆ, ಬಾಗಿಲವಾಡದ ಕೆತ್ತನೆ ನೋಡಿ. ಬಿದ್ದ ಹೆಂಚೊಂದು ಸಿಕ್ಕರೆ ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಹಾಗಾಗಿ ಆ ಹೆಂಚು ಆ ಮಾಡಿಗೆ ಬಂದದ್ದು ಅದರ ನಂತರವೇ. ಮನೆ ಅದಕ್ಕಿಂತ ಹಳೆಯದಿರಬಹುದು, ಮೊದಲು ಹುಲ್ಲೋ ಸೋಗೆಯೋ ಇದ್ದಿರುತ್ತದೆ. ಅಟ್ಟದ ಮೇಲೆ ಕಡತ ಇದೆಯಾ ಅಂತ ಕೇಳಿ. ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲು ಬಳಿದು ಮಡಚಿದ ಕಪ್ಪು ಪುಸ್ತಕ, ಬಳಪದಲ್ಲಿ ಬರೆದದ್ದು. ಒದ್ದೆ ಕೈಯಲ್ಲಿ ಮುಟ್ಟಿದರೆ ಅಕ್ಷರ ಅಳಿಸಿ ಹೋಗುತ್ತದೆ.

ಸಾಗರ, ಸೊರಬದ ದೀವರು ಅನ್ನುವ ಸಮುದಾಯದವರ ಮನೆಗಳಲ್ಲಿ ಗೋಡೆ ಮೇಲಿನ ಹಸೆ ಚಿತ್ತಾರ ನೋಡುವ ಅದೃಷ್ಟ ಸಿಕ್ಕರೆ, ಬರೆದ ಹೆಂಗಸರ ಹತ್ತಿರವೇ ಕೇಳಿ ತಿಳಿದುಕೊಳ್ಳಿ. ಕೆಮ್ಮಣ್ಣಿನ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಒಂದೊಂದು ಗೆರೆಗೂ ಅವರ ಹತ್ತಿರ ಹೆಸರಿದೆ. ಭೂಮಿ ಹುಣ್ಣಿಮೆಯ ಹೊತ್ತಿಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಹೀಗೇ ಬರೆಯುತ್ತಾರೆ. ಕಲ್ಲಿನದು ಮಾತ್ರ ಪರಂಪರೆ ಅಂದುಕೊಂಡರೆ ಇದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹೋಗುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಇಂಬಳ ಒಂದು ಕಡೆ, ಹಾವಸೆ ಕಟ್ಟಿದ ಮೆಟ್ಟಿಲು ಇನ್ನೊಂದು ಕಡೆ, ಕೋಟೆ ಹತ್ತುವುದು ಅಪಾಯ. ಕಲ್ಲಿನ ಅಕ್ಷರ ಓದಲು ಮಟಮಟ ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಏಳು ಗಂಟೆಯ ಓರೆ ಬಿಸಿಲು ಬೇಕು, ಇಲ್ಲದಿದ್ದರೆ ಮುಸ್ಸಂಜೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿಯಿರಿ, ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ, ಅರಿಸಿನ, ಎಣ್ಣೆ ಹಚ್ಚಬೇಡಿ. ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ. ಮಣ್ಣು ಇದ್ದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅಷ್ಟೇ.

ಅಗೆಯಬೇಡಿ, ಕಲ್ಲನ್ನು ಮನೆಗೆ ತರಬೇಡಿ. ನಮ್ಮ ಕಡೆ ನಿಧಿ ಆಸೆಗೆ ವೀರಗಲ್ಲು ಕಿತ್ತು ಗುಂಡಿ ತೋಡುವವರಿದ್ದಾರೆ, ಅಂಥದ್ದು ಕಂಡರೆ ಪೊಲೀಸರಿಗೆ, ತಹಸೀಲ್ದಾರರಿಗೆ ಹೇಳಿ. ಜಾಗದ ಗುರುತನ್ನು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುವ ಮೊದಲೂ ಇದನ್ನು ಯೋಚಿಸಿ.

ಫೋಟೋ ಬಗ್ಗೆ ಒಂದು ಮಾತು. ಮೂರು ವರ್ಷದ ಹಿಂದೆ ಒಂದು ಊರಿನ ಬಸ್‌ಸ್ಟಾಪ್ ಹಿಂದೆ ಆಲದ ಬುಡದಲ್ಲಿ ಅಕ್ಷರ ಇದ್ದ ವೀರಗಲ್ಲು ನೋಡಿದ್ದೆ. ದೂರ ನಿಂತು ಒಂದೇ ಫೋಟೋ ತೆಗೆದು, ಮತ್ತೆ ಬಂದು ಓದೋಣ ಅಂತ ಹೊರಟೆ. ಮುಂದಿನ ವರ್ಷ ರಸ್ತೆ ಅಗಲ ಮಾಡಿದರು. ಮರ ಇಲ್ಲ, ಕಲ್ಲೂ ಇಲ್ಲ. ಯಾರನ್ನು ಕೇಳಿದರೂ ಗೊತ್ತಿಲ್ಲ ಅಂದರು. ನನ್ನ ಫೋಟೋದಲ್ಲಿ ಹಸುಗಳು ಕಾಣುತ್ತವೆ, ಪಟ್ಟಿಯಲ್ಲಿ ಅಕ್ಷರ ಇರುವುದೂ ಕಾಣುತ್ತದೆ, ಆದರೆ ಅವನ ಹೆಸರು ಓದಲು ಆಗುವುದಿಲ್ಲ. ಹಾಗಾಗಿ ಇಡೀ ಕಲ್ಲಿನದು ಒಂದು, ಪ್ರತಿ ಅಂತಸ್ತಿನದು ಒಂದೊಂದು, ಅಕ್ಷರದ ಪ್ರತಿ ಪಟ್ಟಿಗೂ ಹತ್ತಿರದಿಂದ ಒಂದೊಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಊರು, ತಾರೀಖು, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದನ್ನು ಅಲ್ಲೇ ನಿಂತು ಬರೆದುಕೊಳ್ಳಿ.