ಪುಟ್ಟ ಮಕ್ಕಳ ತರಗತಿಗೆ ಚಳಿಗಾಲದ ಆಟಗಳು ಬಂದಾಗ: ಹೊಸಬರಿಗೆ ಮಾರ್ಗದರ್ಶಿ

ಚಳಿ ಶುರುವಾದ ಸ್ವಲ್ಪ ದಿನಕ್ಕೆ ಮಗುವಿನ ಬ್ಯಾಗಿನಲ್ಲಿ ಒಂದು ಚೀಟಿ ಬರುತ್ತದೆ. ಮುಂದಿನ ಕೆಲವು ವಾರ ತರಗತಿಯಲ್ಲಿ ಚಳಿಗಾಲದ ಕ್ರೀಡೆಗಳ ಬಗ್ಗೆ ಕಲಿಯುತ್ತೇವೆ, ಒಂದು ಜೊತೆ ಹಳೇ ಕಾಲುಚೀಲ ಕಳಿಸಿ, ಸ್ಕೇಟಿಂಗ್ ದಿನಕ್ಕೆ ಸಹಿ ಹಾಕಿ. ಅಷ್ಟೇ ಇರುತ್ತದೆ. ಹಿಮ ಬೀಳುವ ಈ ನಾಡಿಗೆ ಹೊಸದಾಗಿ ಬಂದ ನಮ್ಮ ಕನ್ನಡದವರು ಅದನ್ನು ಓದಿ ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, "ಹಾಗಾದ್ರೆ ಪಾಠ ಯಾವಾಗ ಮಾಡ್ತಾರೆ?" ಇದೇ ಪಾಠ ಕಣ್ರೀ. ಒಂದರಿಂದ ಮೂರನೇ ತರಗತಿಯವರೆಗೆ ಗಣಿತ, ವಿಜ್ಞಾನ, ಬರವಣಿಗೆ ಎಲ್ಲವನ್ನೂ ಹೀಗೆ ಆಟದೊಳಗೆ ಸೇರಿಸಿಯೇ ಕಲಿಸುತ್ತಾರೆ. ನಾವೆಲ್ಲ ಮೊದಲ ವರ್ಷ ತಲೆ ಕೆರೆದುಕೊಂಡವರೇ, ಅದಕ್ಕೇ ಬರೆದಿಟ್ಟಿದ್ದೇವೆ.

ತರಗತಿಯೊಳಗೆ ಏನು ನಡೆಯುತ್ತದೆ

ಹಿಮ, ಮಂಜುಗಡ್ಡೆ ಏನೂ ಬೇಕಾಗಿಲ್ಲ. ಎರಡು ಕಾಗದದ ತಟ್ಟೆಗಳ ಮೇಲೆ ಕಾಲಿಟ್ಟು ಕಾರ್ಪೆಟ್ ಮೇಲೆ ಜಾರಿದರೆ ಅದೇ ಸ್ಕೇಟಿಂಗ್. ಸುತ್ತಿದ ಕಾಲುಚೀಲವೇ ಹಿಮದ ಉಂಡೆ. ಹಳೇ ಕಾಲುಚೀಲ ಯಾಕೆ ಕೇಳಿದ್ದರು ಅಂತ ಈಗ ಗೊತ್ತಾಯ್ತಲ್ಲ, ಹೊಸದು ಕೊಂಡು ಕಳಿಸಬೇಡಿ.

ಹೆಚ್ಚಿನ ಟೀಚರುಗಳು ಕರ್ಲಿಂಗ್ (ಮಂಜುಗಡ್ಡೆ ಮೇಲೆ ಕಲ್ಲು ಜಾರಿಸಿ ಉಂಗುರದ ನಡುವಿಗೆ ತಲುಪಿಸುವ ಆಟ) ಆಡಿಸುತ್ತಾರೆ, ಯಾಕೆಂದರೆ ಅದರಲ್ಲಿ ಲೆಕ್ಕ ಜಾಸ್ತಿ. ನೆಲದ ಮೇಲೆ ಬಣ್ಣದ ಟೇಪಿನಲ್ಲಿ ಒಂದರೊಳಗೊಂದು ಉಂಗುರ ಮಾಡಿ, ದೂರದಿಂದ ಡಬ್ಬದ ಮುಚ್ಚಳ ಜಾರಿಸಿ, ಅದು ಎಲ್ಲಿ ನಿಂತಿತೋ ಅಲ್ಲಿಂದ ನಡುವಿನವರೆಗೆ ಸ್ಕೇಲಿನಿಂದ ಅಳೆಯುವುದು. ನಿಜವಾದ ಆಟದಲ್ಲಿ ಜಾರಿಸುವುದು ಗ್ರಾನೈಟ್ ಕಲ್ಲು, ತೂಕ 17ರಿಂದ 20 ಕೆಜಿ. ಅಂದರೆ ನಿಮ್ಮ ಒಂದನೇ ತರಗತಿ ಮಗುವಿನ ತೂಕಕ್ಕೆ ಹತ್ತಿರ ಹತ್ತಿರ. ಆಟಗಾರರು ಕಲ್ಲಿನ ಮುಂದೆ ಬ್ರಷ್‌ನಿಂದ ಉಜ್ಜುತ್ತಾ ಓಡುತ್ತಾರಲ್ಲ, ಅದು ಕಸ ಗುಡಿಸುವುದಲ್ಲ. ಉಜ್ಜಿದಾಗ ಮಂಜುಗಡ್ಡೆಯ ಮೇಲ್ಮೈ ಸ್ವಲ್ಪ ಬೆಚ್ಚಗಾಗಿ ಘರ್ಷಣೆ ಕಡಿಮೆಯಾಗುತ್ತದೆ, ಕಲ್ಲು ಇನ್ನಷ್ಟು ದೂರ ಹೋಗುತ್ತದೆ. ತರಗತಿಯ ನೆಲವನ್ನು ಪೊರಕೆಯಿಂದ ಎಷ್ಟು ಉಜ್ಜಿದರೂ ಮುಚ್ಚಳ ಮುಂದೆ ಹೋಗುವುದಿಲ್ಲ. ಯಾಕೆ ಹೋಗಲಿಲ್ಲ ಅಂತ ಟೀಚರ್ ಕೇಳುತ್ತಾರೆ. ಅಲ್ಲಿಂದ ವಿಜ್ಞಾನ ಶುರು.

ಇನ್ನೊಂದು, ಇಳಿಜಾರಿನ ಪ್ರಯೋಗ. ಒಂದು ಹಲಗೆಯನ್ನು ಪುಸ್ತಕಗಳ ಮೇಲೆ ಓರೆಯಾಗಿ ಇಟ್ಟು, ಅದರ ಮೇಲೆ ಒಮ್ಮೆ ಟವೆಲ್, ಒಮ್ಮೆ ಫಾಯಿಲ್, ಒಮ್ಮೆ ಮರಳು ಕಾಗದ ಹಾಸಿ ಪುಟ್ಟ ಗೊಂಬೆಯನ್ನು ಜಾರಿಸುತ್ತಾರೆ. ಜಾರಿಸುವ ಮುಂಚೆ ಯಾವುದರ ಮೇಲೆ ಬೇಗ ಇಳಿಯುತ್ತದೆ ಅಂತ ಮಗು ಊಹಿಸಿ ಬರೆಯಬೇಕು. ಈ ಊಹೆಯ ಹಾಳೆ ಕೆಲವೊಮ್ಮೆ ಮನೆಗೂ ಬರುತ್ತದೆ. ದಯವಿಟ್ಟು ಸರಿ ಉತ್ತರ ಹೇಳಿಕೊಡಬೇಡಿ! ಊಹೆ ತಪ್ಪಾದರೆ ಅಂಕ ಕಳೆಯುವುದಿಲ್ಲ, ತಪ್ಪಾಗಿದ್ದು ಯಾಕೆ ಅಂತ ಹೇಳುವುದೇ ಆ ಹಾಳೆಯ ಕೆಲಸ. ನಮ್ಮ ಮಕ್ಕಳ ಹಾಳೆಗಳಲ್ಲಿ ಮಾತ್ರ ಎಲ್ಲ ಊಹೆಯೂ ಸರಿಯಾಗಿರುತ್ತದೆ, ಅಕ್ಷರವೂ ಬಹಳ ಮುದ್ದಾಗಿರುತ್ತದೆ. ಟೀಚರಿಗೆ ಗೊತ್ತಾಗಲ್ಲ ಅಂದುಕೊಂಡಿರಾ?

ಬಯಾಥ್ಲಾನ್ ಎಂಬ ಹೆಸರು ನೋಡಿ ಗಾಬರಿಯಾದವರಿದ್ದಾರೆ, ಅದರಲ್ಲಿ ಸ್ಕೀಯಿಂಗ್ ಜೊತೆ ಗುಂಡು ಹೊಡೆಯುವುದೂ ಇದೆಯಲ್ಲ ಅಂತ. ನಿಜವಾದ ಸ್ಪರ್ಧೆಯಲ್ಲಿ 50 ಮೀಟರ್ ದೂರದ ಐದು ಗುರಿಗಳಿಗೆ ಹೊಡೆಯುತ್ತಾರೆ. ತರಗತಿಯಲ್ಲಿ ಮಕ್ಕಳು ನಿಂತಲ್ಲೇ ಓಡಿ, ಏದುಸಿರು ಬಿಡುತ್ತಾ ಕಾಗದದ ಉಂಡೆಯನ್ನು ಬುಟ್ಟಿಗೆ ಎಸೆಯುತ್ತಾರೆ. ಆಮೇಲೆ ಕುತ್ತಿಗೆಯ ಬಳಿ ಬೆರಳಿಟ್ಟು ನಾಡಿ ಎಣಿಸುತ್ತಾರೆ. ಎದೆ ಬಡಿದುಕೊಳ್ಳುವಾಗ ಕೈ ಸ್ಥಿರವಾಗಿ ನಿಲ್ಲುವುದಿಲ್ಲ ಅನ್ನುವುದು ಎರಡೇ ನಿಮಿಷದಲ್ಲಿ ಅವರಿಗೆ ಅರ್ಥವಾಗುತ್ತದೆ.

ಉಳಿದಂತೆ ಮಂಜುಗಡ್ಡೆಯ ಹಾದಿಯಲ್ಲಿ ಜಾರುಬಂಡಿ ಓಡಿಸುವ ಆಟಗಳಾದ ಬಾಬ್‌ಸ್ಲೆಡ್, ಲ್ಯೂಜ್, ಸ್ಕೆಲಿಟನ್‌ಗಳ ವ್ಯತ್ಯಾಸ (ಕೂತು ಹೋಗುವುದು, ಅಂಗಾತ ಮಲಗಿ ಕಾಲು ಮುಂದೆ ಮಾಡಿ ಹೋಗುವುದು, ಬೋರಲು ಮಲಗಿ ತಲೆ ಮುಂದೆ ಮಾಡಿ ಹೋಗುವುದು), ನೆಚ್ಚಿನ ಆಟಕ್ಕೆ ಮತ ಹಾಕಿ ಸ್ತಂಭ ನಕ್ಷೆ ಬರೆಯುವುದು, ಆರು ಮೂಲೆಯ ಹಿಮದ ಹೂ ಕತ್ತರಿಸುವುದು. ಅವಕ್ಕೆ ನೀವು ಏನೂ ಮಾಡಬೇಕಿಲ್ಲ.

ಕ್ರೀಡಾಪಟುವಿನ ಬಗ್ಗೆ ಬರೆದು ತರುವುದು

ಒಬ್ಬ ಕ್ರೀಡಾಪಟುವನ್ನು ಆರಿಸಿ ನಾಲ್ಕು ವಾಕ್ಯ ಬರೆಯಿರಿ, ಚಿತ್ರ ಬಿಡಿಸಿ, ತರಗತಿಯ ಮುಂದೆ ನಿಂತು ಹೇಳಿ ಅನ್ನುವ ಕೆಲಸ ಬಂದೇ ಬರುತ್ತದೆ. "ನಮ್ಮವರು ಯಾರಿದ್ದಾರೆ ಇದರಲ್ಲಿ" ಅಂತ ಕೈ ಚೆಲ್ಲಬೇಡಿ. ಶಿವ ಕೇಶವನ್ ಇದ್ದಾರೆ. ಲ್ಯೂಜ್‌ನಲ್ಲಿ 1998ರಿಂದ 2018ರವರೆಗೆ ಆರು ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಇಳಿದ ಭಾರತೀಯರು. ಪದಕ ಬರಲಿಲ್ಲ, ಆದರೆ ಆರು ಒಲಿಂಪಿಕ್ಸ್ ಅಂದರೆ ಸುಮ್ನೆ ಅಲ್ಲ. 2022ರಲ್ಲಿ ಬೀಜಿಂಗ್‌ಗೆ ಭಾರತದಿಂದ ಹೋಗಿದ್ದು ಒಬ್ಬರೇ, ಸ್ಕೀಯಿಂಗ್‌ನ ಆರಿಫ್ ಖಾನ್. ಪದಕ ಗೆದ್ದವರನ್ನೇ ಆರಿಸಬೇಕು ಅಂತ ಶಾಲೆ ಎಲ್ಲೂ ಹೇಳಿರುವುದಿಲ್ಲ, ಅದು ನಾವು ಸೇರಿಸಿಕೊಂಡ ನಿಯಮ. ಮಗುವಿಗೆ ಬೇರೆ ದೇಶದವರು ಇಷ್ಟವಾದರೆ ಅದೂ ಸರಿ. ಒಟ್ಟಿನಲ್ಲಿ ನಾಲ್ಕು ವಾಕ್ಯ ಮಗುವಿನದೇ ಆಗಿರಲಿ. ಮೊದಲು ಮನೆಯಲ್ಲಿ ಕನ್ನಡದಲ್ಲೇ ಹೇಳಲಿ, ಆಮೇಲೆ ಶಾಲೆಯ ಭಾಷೆಯಲ್ಲಿ ಬರೆಯಲಿ. ಹೇಳಲು ಬಂದರೆ ಬರೆಯಲು ಬರುತ್ತದೆ.

ಬಟ್ಟೆ ವಿಷಯ, ಇದನ್ನು ಎರಡು ಸಲ ಓದಿ

ತರಗತಿಯಲ್ಲಿ ಆಡಿದ್ದನ್ನು ಒಂದು ದಿನ ಹೊರಗೆ ಹಿಮದಲ್ಲಿ ಆಡಿಸುತ್ತಾರೆ. ಟೀಚರ್ ಒಬ್ಬರು, ಮಕ್ಕಳು ಇಪ್ಪತ್ತಕ್ಕೂ ಹೆಚ್ಚು. ನಿಮ್ಮ ಮಗುವಿಗೆ ಬಟ್ಟೆ ಹಾಕಿಸಲು ಅಲ್ಲಿ ಯಾರೂ ಇರುವುದಿಲ್ಲ. ಏಳು ವರ್ಷ ಆದರೂ ನಾವು ಮಗುವಿನ ಶೂ ಕಟ್ಟುತ್ತೇವೆ, ಜಾಕೆಟ್ ತೊಡಿಸುತ್ತೇವೆ. ಅದು ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಜಿಪ್ ಹಾಕುವ ಮುಂಚೆಯೇ ಮಿಟನ್ (ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳಿಗೆಲ್ಲ ಒಂದೇ ಗೂಡಿರುವ ಕೈಚೀಲ) ತೊಟ್ಟುಬಿಟ್ಟ ಮಗು ಹೇಗಿರುತ್ತದೆ ನೋಡಿದ್ದೀರಾ? ದಪ್ಪ ಕೈಯಲ್ಲಿ ಜಿಪ್ಪಿನ ತುದಿ ಸಿಗುವುದಿಲ್ಲ, ಹಲ್ಲಿನಿಂದ ಕಚ್ಚಿ ಎಳೆಯುತ್ತದೆ, ಬರುವುದಿಲ್ಲ, ಬಿಚ್ಚಿದ ಮಿಟನ್ ಒಂದು ಕೆಳಗೆ ಬೀಳುತ್ತದೆ, ಅಷ್ಟರಲ್ಲಿ ಇಡೀ ತರಗತಿ ಹೊರಗೆ ಹೋಗಿಯಾಗಿದೆ. ನನ್ನ ಮಗಳ ಪ್ರಗತಿ ಪತ್ರದಲ್ಲಿ ಓದಿನ ಬಗ್ಗೆ ಒಂದು ಸಾಲಿತ್ತು, ಜಿಪ್ಪಿನ ಬಗ್ಗೆ ಮೂರು ಸಾಲು. ಇವತ್ತಿಗೂ ನೆನೆಸಿಕೊಂಡರೆ ಉರಿಯುತ್ತದೆ.

ಆದ್ದರಿಂದ ಕ್ರಮ ಇದು. ಮೊದಲು ಸ್ನೋ ಪ್ಯಾಂಟ್, ಆಮೇಲೆ ಬೂಟು, ಪ್ಯಾಂಟಿನ ತುದಿ ಬೂಟಿನ ಹೊರಗೆ. ಆಮೇಲೆ ನೆಕ್ ವಾರ್ಮರ್ (ಕುತ್ತಿಗೆಗೆ ತೊಡಿಸುವ ಬೆಚ್ಚನೆಯ ಪಟ್ಟಿ), ಟೋಪಿ, ಜಾಕೆಟ್, ಜಿಪ್. ಮಿಟನ್ ಕಟ್ಟಕಡೆಗೆ. ಮನೆಯಲ್ಲಿ ಶನಿವಾರ, ಭಾನುವಾರ ಅಭ್ಯಾಸ ಮಾಡಿಸಿ, ನೀವು ಕೈ ಕಟ್ಟಿಕೊಂಡು ಕೂತಿರಿ. ಅಜ್ಜಿ ತಾತ ಬಂದಿದ್ದರೆ ಅವರಿಗೂ ಹೇಳಿಡಿ, ಇಲ್ಲದಿದ್ದರೆ ಅವರು ಓಡಿಬಂದು ಹಾಕಿಸಿಬಿಡುತ್ತಾರೆ. ಜಿಪ್ಪಿಗೆ ಒಂದು ಉಂಗುರ ಅಥವಾ ಗಟ್ಟಿ ದಾರ ಕಟ್ಟಿ, ಪುಟ್ಟ ಕೈಗೆ ಹಿಡಿಯಲು ಸುಲಭ.

ಬೆರಳು ಬೆರಳಿಗೆ ಬೇರೆ ಇರುವ ಗ್ಲೌಸ್‌ಗಿಂತ ಮಿಟನ್ ಬೆಚ್ಚಗಿರುತ್ತದೆ, ಬೆರಳುಗಳೆಲ್ಲ ಒಟ್ಟಿಗಿರುತ್ತವಲ್ಲ. ಉದ್ದದ ಸ್ಕಾರ್ಫ್ ಬೇಡ, ಓಡುವಾಗ ಜಾರುವಾಗ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ, ನೆಕ್ ವಾರ್ಮರ್ ಕೊಡಿ. ಹತ್ತಿ ಕಾಲುಚೀಲ ಒದ್ದೆಯಾದರೆ ಕಾಲು ಮರಗಟ್ಟುತ್ತದೆ, ಉಣ್ಣೆಯದೋ ಸಿಂಥೆಟಿಕ್‌ನದೋ ಇರಲಿ. ಎರಡೆರಡು ಜೊತೆ ತುರುಕಿ ಬೂಟು ಬಿಗಿಯಾದರೆ ರಕ್ತ ಸರಿಯಾಗಿ ಹರಿಯದೆ ಇನ್ನೂ ಚಳಿಯಾಗುತ್ತದೆ. ನಮ್ಮವರು ಮಾಡುವುದು ಯಾವಾಗಲೂ ಇದನ್ನೇ.

ಬ್ಯಾಗಿನಲ್ಲಿ ಇರಬೇಕಾದದ್ದು:
- ಇನ್ನೊಂದು ಜೊತೆ ಮಿಟನ್
- ಇನ್ನೊಂದು ಜೊತೆ ಕಾಲುಚೀಲ
- ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ
- ನೀರಿನ ಬಾಟಲಿ
- ಎಲ್ಲದರ ಮೇಲೂ ಹೆಸರು, ಮಿಟನ್ ಎರಡರ ಮೇಲೂ

ಸ್ಕೇಟಿಂಗ್ ದಿನ

ಆವತ್ತು "ಸ್ವಲ್ಪ ನೆಗಡಿ" ಅಂತ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವವರು ನಮ್ಮಲ್ಲೇ ಹೆಚ್ಚು. ಬೀಳುತ್ತದೆ ಅನ್ನುವ ಭಯ. ಬೀಳುತ್ತದೆ, ಎಲ್ಲ ಮಕ್ಕಳೂ ಬೀಳುತ್ತಾರೆ. ಬೀಳುವುದನ್ನೇ ಮೊದಲು ಕಲಿಸುತ್ತಾರೆ: ಮಂಡಿ ಬಗ್ಗಿಸಿ ಪಕ್ಕಕ್ಕೆ ಬೀಳುವುದು, ಬೇರೆಯವರ ಸ್ಕೇಟಿನ ಬ್ಲೇಡು ಬೆರಳಿಗೆ ತಾಗದಂತೆ ಮುಷ್ಟಿ ಕಟ್ಟುವುದು, ಮಂಡಿಯೂರಿ ಒಂದು ಕಾಲು ಊರಿ ಎದ್ದು ನಿಲ್ಲುವುದು. ಇದನ್ನು ಮನೆಯಲ್ಲಿ ಚಾಪೆ ಮೇಲೂ ಮಾಡಿಸಬಹುದು.

ಹೆಲ್ಮೆಟ್ ಕಡ್ಡಾಯವಾಗಿ ಬೇಕು. ಯಾವ ತರಹದ್ದು ಅಂತ ಶಾಲೆಯನ್ನು ಮೊದಲೇ ಕೇಳಿ, ಹಲವು ಕಡೆ ಸೈಕಲ್ ಹೆಲ್ಮೆಟ್ ಒಪ್ಪುವುದಿಲ್ಲ, ಐಸ್ ಹಾಕಿ ಆಟದ ಹೆಲ್ಮೆಟ್ಟೇ ಬೇಕು ಅನ್ನುತ್ತಾರೆ. ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡ ಸ್ಕೇಟ್ ತರಬೇಡಿ, ಒಳಗೆ ಕಾಲು ಅಲ್ಲಾಡಿದರೆ ಪಾದ ಒಳಕ್ಕೆ ವಾಲುತ್ತದೆ. ಒಂದೇ ಒಂದು ಜೊತೆ ತೆಳು ಕಾಲುಚೀಲ ಸಾಕು. ಬಾಡಿಗೆಗೆ ಸಿಗುವ ಜಾಗವಾದರೆ ಕೊಳ್ಳಲೇ ಬೇಡಿ.

ಲೇಸ್ ಕಟ್ಟಲು ಪೋಷಕರು ಬನ್ನಿ ಅಂತ ಮೊದಲು ಬಂದ ಆ ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹೋಗಿ. ನಿಮಗೆ ಸ್ಕೇಟಿಂಗ್ ಬರಬೇಕಿಲ್ಲ, ಬೆಂಚಿನ ಪಕ್ಕ ಮಂಡಿಯೂರಿ ಕೂತು ಇಪ್ಪತ್ತು ಮಕ್ಕಳ ಲೇಸನ್ನು ಬಿಗಿಯಾಗಿ ಎಳೆದು ಕಟ್ಟುವ ಶಕ್ತಿ ಇದ್ದರೆ ಆಯಿತು. ಈಚೆಗೆ ನಮ್ಮ ಸಂಘದವರು ಎಷ್ಟು ಚೆನ್ನಾಗಿ ಕಟ್ಟುತ್ತಾರೆ ಅಂದರೆ ಕೆಲವು ಟೀಚರುಗಳು ಹೆಸರು ಹಿಡಿದೇ ಕೇಳುತ್ತಾರೆ. ನೀವೂ ಮಂಜುಗಡ್ಡೆ ಮೇಲೆ ಇಳಿಯುವುದಾದರೆ ನಿಮಗೂ ಹೆಲ್ಮೆಟ್ ಬೇಕು, ಮಗುವಿನದ್ದು ನಿಮಗೆ ಆಗುವುದಿಲ್ಲ, ಹಿಂದಿನ ದಿನವೇ ಹೊಂದಿಸಿಕೊಳ್ಳಿ.